ಸಿಲ್ಕ್ ಬೋರ್ಡ್ ಸುದ್ದಿ ಬರುತ್ತದೆ, ಗೂಡಿನ ಧಾರಣೆ ಬರುವುದಿಲ್ಲ

ಮಾನ್ಯ ಸಂಪಾದಕರೇ,

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ; ತಾತನ ಕಾಲದಿಂದ ರೇಷ್ಮೆ ಹುಳು ಸಾಕುವ ಮನೆ. ಹುಳು ನಾಲ್ಕನೇ ಜ್ವರದಿಂದ (ಕೊನೆಯ ಸಲ ಪೊರೆ ಕಳಚುವ ಹಂತದಿಂದ) ಎದ್ದ ಮೇಲೆ ಗೂಡು ಕಟ್ಟುವವರೆಗೆ ಮನೆಯಲ್ಲಿ ಯಾರಿಗೂ ಕೈ ಬಿಡುವಿರುವುದಿಲ್ಲ. ಪತ್ರಿಕೆ ಬಿಚ್ಚಲು, ಮೊಬೈಲ್ ಹಿಡಿಯಲು ಆಗದ ಆ ದಿನಗಳಲ್ಲಿ ಹುಳುಮನೆಯ ಮೊಳೆಗೆ ನೇತುಹಾಕಿದ ರೇಡಿಯೊ ಒಂದೇ ನಮಗೆ ಹೊರಗಿನ ಸುದ್ದಿ ಮುಟ್ಟಿಸುವುದು. ಕಳೆದ ಬೆಳೆಯಲ್ಲಿ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಚಂದ್ರಂಕಿ ತಟ್ಟೆಗೆ ಬಿಡುತ್ತಿದ್ದಾಗ ಬೆಂಗಳೂರಿನ ಒಂದು ಎಫ್‌ಎಂ ವಾಹಿನಿಯವರು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ವಾಹನಗಳು ಎಲ್ಲಿಂದ ಎಲ್ಲಿಯವರೆಗೆ ನಿಂತಿವೆ ಎಂಬುದನ್ನು ಸವಿಸ್ತಾರವಾಗಿ ಹೇಳುತ್ತಿದ್ದರು. ರೇಷ್ಮೆ ಬೆಳೆಯುವ ನಮಗೆ ಅದನ್ನು ಕೇಳಿ ನಗು ಬಂತು. ಕೆಲವು ದಿನ ಕಳೆದು, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಯಲ್ಲೇ ಹಾಕುವುದೋ ರಾಮನಗರಕ್ಕೆ ಒಯ್ಯುವುದೋ ಎಂದು ತೀರ್ಮಾನಿಸಲು ಆ ದಿನದ ಧಾರಣೆ ಬೇಕಾದಾಗ ಮಾತ್ರ ನಗು ಬರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ದರ ಹಿಂದಿನ ವಾರದ್ದು ಎಂದು ತಿಳಿದದ್ದು ಟೆಂಪೊ ಬಾಡಿಗೆ ಕೊಟ್ಟ ಮೇಲೆ.

ಈ ದೂರನ್ನು ಆ ವಾಹಿನಿಯ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ, ಅವರ ಕೇಳುಗರು ಬೆಂಗಳೂರಿನವರು. ನನ್ನ ಮಾತು ಆಕಾಶವಾಣಿಯ ಕುರಿತದ್ದು. ಹಾಸನ, ಚಿತ್ರದುರ್ಗ, ಮಡಿಕೇರಿಗಳಲ್ಲಿ ಆಕಾಶವಾಣಿಯ ಕೇಂದ್ರಗಳಿವೆ. 2007ರವರೆಗೆ ಒಂದೇ ಜಿಲ್ಲೆಯಾಗಿದ್ದ ಕೋಲಾರ ಮತ್ತು ಚಿಕ್ಕಬಳ್ಳಾಪುರಗಳಿಗೆ ಅಂಥ ಕೇಂದ್ರವಿಲ್ಲ. ಬೆಂಗಳೂರು ಕೇಂದ್ರದ ಪ್ರಸಾರ ಇಲ್ಲಿಗೆ ಸಲೀಸಾಗಿ ತಲುಪುತ್ತದೆ ಎಂಬುದೇ ನಮಗೆ ಮುಳುವಾಗಿರುವಂತಿದೆ. ಅವರ ದನಿ ನಮಗೆ ಕೇಳಿಸುತ್ತದೆ, ನಮ್ಮ ದನಿ ಅಲ್ಲಿಗೆ ಹೋಗುವುದಿಲ್ಲ. ರಾಜ್ಯದ ಸುದ್ದಿ ಹೇಳುವ ಹತ್ತು ನಿಮಿಷದ ಪ್ರದೇಶ ಸಮಾಚಾರವನ್ನು 31 ಜಿಲ್ಲೆಗಳಿಗೆ ಸಮನಾಗಿ ಹಂಚಿದರೂ ಒಂದೊಂದಕ್ಕೆ ಇಪ್ಪತ್ತು ಸೆಕೆಂಡು ಸಿಗದು, ಅದರಲ್ಲಿ ಯಾವ ಸಂಪಾದಕರು ತಾನೇ ಏನು ಮಾಡಿಯಾರು?

ಆಕಾಶವಾಣಿಯನ್ನೇ ಕೇಳಲು ಇನ್ನೊಂದು ಕಾರಣವಿದೆ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂ ವಾಹಿನಿಗಳಿಗೂ ಸಮುದಾಯ ಬಾನುಲಿಗಳಿಗೂ ಸಂಚಾರ, ಹವಾಮಾನದಂಥ ಮಾಹಿತಿ ಬಿಟ್ಟರೆ ಸ್ವಂತವಾಗಿ ಸುದ್ದಿ ತಯಾರಿಸುವ ಅನುಮತಿಯಿಲ್ಲ. ಆಕಾಶವಾಣಿಯ ವಾರ್ತೆಯನ್ನು ಹಾಗೆಯೇ ಮರುಪ್ರಸಾರ ಮಾಡಬಹುದು, ಸಮುದಾಯ ಬಾನುಲಿಗಳಾದರೆ ಸ್ಥಳೀಯ ಭಾಷೆಗೆ ಅನುವಾದಿಸಿಯೂ ಹೇಳಬಹುದು, ಅಷ್ಟೇ. ಹಾಗಾಗಿ ಒಂದು ಊರಿನ ಸುದ್ದಿಯನ್ನು ಆಕಾಶವಾಣಿ ಹೇಳದಿದ್ದರೆ ರೇಡಿಯೊದಲ್ಲಿ ಬೇರಾರೂ ಹೇಳುವಂತಿಲ್ಲ. ಇದೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಹುಟ್ಟಿಕೊಂಡಾಗ ಹಳ್ಳಿಯ ಜನರಿಗೆ ತರಂಗಾಂತರದ ಪರವಾನಗಿಯೇ ಸಿಗುವಂತಿರಲಿಲ್ಲ. ಅವರು ಕೇಬಲ್ ತಂತಿ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ಸಂಘ ಸಂಸ್ಥೆಗಳಿಗೆ ಅವಕಾಶ ತೆರೆದದ್ದು 2006ರಲ್ಲಿ. ಕೇಳುವವರೂ ಮಾತನಾಡುವವರೂ ಇಲ್ಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಹೇಳಬೇಕಾದ ವಿಷಯಕ್ಕಂತೂ ಬರವಿಲ್ಲ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣಗೊಂಡು ಕೋಲಾರದ ಕೆರೆಗಳಿಗೆ ಬರುತ್ತಿದೆ, ಆಮೇಲೆ ಶುರುವಾದ ಎಚ್.ಎನ್. ವ್ಯಾಲಿ (ಹೆಬ್ಬಾಳ–ನಾಗವಾರ ಕಣಿವೆ) ಯೋಜನೆಯ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತ ಬೇಕು ಎಂಬ ಕೂಗು ಆಗಿನಿಂದಲೂ ಇದೆ. ಬತ್ತಿದ್ದ ಕೊಳವೆಬಾವಿಗೆ ನೀರು ಬಂತೆಂದು ಒಬ್ಬ ರೈತರು ಸಂತೋಷಪಟ್ಟರೆ, ಅದೇ ನೀರನ್ನು ಸೊಪ್ಪಿನ ತೋಟಕ್ಕೆ ಹಾಯಿಸಬಹುದೇ ಎಂದು ಪಕ್ಕದವರು ಅನುಮಾನಪಡುತ್ತಾರೆ. ಇಬ್ಬರಿಗೂ ಬೇಕಾದದ್ದು ಒಂದೇ: ಈ ತಿಂಗಳು ಯಾವ ಕೆರೆಗೆ ಎಷ್ಟು ನೀರು ಬಂತು, ಪರೀಕ್ಷೆಯಲ್ಲಿ ಏನು ಕಂಡಿತು. ಇದನ್ನು ಎಂಜಿನಿಯರರ ಬಾಯಿಂದಲೇ ಹೇಳಿಸಿ, ಎದುರಿಗೆ ಒಬ್ಬ ರೈತರನ್ನು ಕೂರಿಸಿ ಪ್ರಶ್ನೆ ಕೇಳಿಸಿದರೆ ಅರ್ಧ ಗಂಟೆಯ ಕಾರ್ಯಕ್ರಮ ತಾನಾಗಿಯೇ ಆಗುತ್ತದೆ. ಕೋಲಾರದ ಟೊಮೆಟೊ ಧಾರಣೆ, ಗೂಡಿನ ಧಾರಣೆ, ಗ್ರಾಮಸಭೆಯ ದಿನಾಂಕ, ವಿದ್ಯುತ್ ನಿಲುಗಡೆ ಇವೆಲ್ಲಕ್ಕೆ ಐದು ನಿಮಿಷ ಸಾಕು.

ಸಂಸ್ಕೃತಿಯ ವಿಷಯವೂ ಹೀಗೆಯೇ. ನಮ್ಮ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಬಂದಾಗ ಸುದ್ದಿಯಾಗುವುದು ಸರಿಯೇ. ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುವಾಗ ಅದರ ನಾದ ಹೇಗೆ ಬಿಗಿಯಾಗುತ್ತಾ ಹೋಗುತ್ತದೆ ಎಂಬುದನ್ನು ಕೇಳಿಸಲು ರೇಡಿಯೊಗಿಂತ ಒಳ್ಳೆಯ ಮಾಧ್ಯಮ ಯಾವುದಿದೆ? ಕೈವಾರದ ತಾತಯ್ಯನವರ (ಸಂತಕವಿ ಯೋಗಿ ನಾರೇಯಣರ) ಪದಗಳನ್ನು ತೆಲುಗು, ಕನ್ನಡ ಎರಡರಲ್ಲೂ ಹಾಡುವ ಭಜನೆ ತಂಡಗಳು ಇಲ್ಲಿ ಹಳ್ಳಿ ಹಳ್ಳಿಯಲ್ಲಿವೆ. ಅವರನ್ನು ಸ್ಟುಡಿಯೊಗೆ ಕರೆಸುವ ಬದಲು ಧ್ವನಿಮುದ್ರಣ ಯಂತ್ರವೇ ಅವರ ಊರಿಗೆ ಬರಲಿ. ನಮ್ಮ ಮಾತಿನಲ್ಲಿ ತೆಲುಗು ಬೆರೆತಿರುವುದನ್ನು ತಿದ್ದುವ ಗೋಜಿಗೂ ಹೋಗಬೇಕಿಲ್ಲ.

1990ರ ಪ್ರಸಾರ ಭಾರತಿ ಕಾಯ್ದೆಯ 12ನೇ ಪ್ರಕರಣವು ಕೃಷಿ, ಗ್ರಾಮೀಣ ಅಭಿವೃದ್ಧಿ, ಪರಿಸರಗಳಿಗೆ ವಿಶೇಷ ಗಮನ ಕೊಡುವುದನ್ನೂ ಆಯಾ ಪ್ರದೇಶದ ಸಂಸ್ಕೃತಿ, ಭಾಷೆಗಳಿಗೆ ತಕ್ಕಷ್ಟು ಜಾಗ ಕೊಡುವುದನ್ನೂ ಸಂಸ್ಥೆಯ ಕರ್ತವ್ಯವೆಂದೇ ಹೇಳಿದೆ. ಆದ್ದರಿಂದ ನಾವು ಹೊಸ ಕೇಂದ್ರ ಕೇಳುತ್ತಿಲ್ಲ, ಕಟ್ಟಡವನ್ನೂ ಕೇಳುತ್ತಿಲ್ಲ. ಆಕಾಶವಾಣಿಗೆ ಜಿಲ್ಲೆಗಳಲ್ಲಿ ಅರೆಕಾಲಿಕ ವರದಿಗಾರರ ವ್ಯವಸ್ಥೆ ಇದೆ. ಸಚಿವರ ಭೇಟಿ, ಅಪಘಾತಗಳ ಆಚೆಗೂ ಅವರಿಂದ ಕೆಲಸ ತೆಗೆದು, ಬೆಂಗಳೂರು ಕೇಂದ್ರದಿಂದಲೇ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಗೆಂದು ದಿನಕ್ಕೆ ಹದಿನೈದು ನಿಮಿಷ ಮೀಸಲಿಡಲಿ ಎಂಬುದಷ್ಟೇ ಕೋರಿಕೆ. ಆ ಹದಿನೈದು ನಿಮಿಷವನ್ನು ಮಧ್ಯಾಹ್ನ ಯಾವುದೋ ಖಾಲಿ ಹೊತ್ತಿಗೆ ತಳ್ಳದೆ ಸಂಜೆ ಆರೂವರೆಯ ಆಸುಪಾಸಿಗೆ ಇಟ್ಟರೆ ಒಳ್ಳೆಯದು. ಅದು ನಮ್ಮ ಕಡೆ ಹುಳುವಿಗೆ ಸೊಪ್ಪು ಹಾಕುವ, ದನ ಕಟ್ಟಿ ಹಾಲು ಕರೆಯುವ ಹೊತ್ತು. ಕೈ ಕೆಲಸದಲ್ಲಿದ್ದರೂ ಕಿವಿ ಬಿಡುವಾಗಿರುತ್ತದೆ.

ಇಂತಿ,
ಒಬ್ಬ ರೇಷ್ಮೆ ಬೆಳೆಗಾರ,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ