ಚಿತ್ರದ ಮೇಲೆ ಕೈ ಇಟ್ಟಾಗ

ಡೊಂಬಿವಲಿ
ಸೋಮವಾರ ರಾತ್ರಿ

ಚಿ. ಸೌ. ಸುಮಾಳಿಗೆ ಅಮ್ಮನ ಆಶೀರ್ವಾದಗಳು.

ಪುಟ್ಟನಿಗೆ ಗಮನದ ಮಾತ್ರೆ ಹಿಡಿಸಿತಲ್ಲ, ಇನ್ನು ಕಲಿಕಾ ನ್ಯೂನತೆಯ ಟೆಸ್ಟ್ ಯಾಕೆ ಎಂದು ನೀನು ಗುರುವಾರದ್ದನ್ನು ಕ್ಯಾನ್ಸಲ್ ಮಾಡಿದೆ ಅಂದಾಗ ನಾನು ಫೋನಿನಲ್ಲಿ ದನಿ ಏರಿಸಬಾರದಿತ್ತು. ತಪ್ಪಾಯಿತು ಕಣೇ. ಆದರೆ ಹೇಳಿದ ಮಾತು ತಪ್ಪಲ್ಲ, ಅದಕ್ಕೇ ಸಮಾಧಾನವಾಗಿ ಇನ್ನೊಮ್ಮೆ ಬರೆಯುತ್ತಿದ್ದೇನೆ.

ಮಾತ್ರೆ ಶುರುವಾಗಿ ಆರು ವಾರಕ್ಕೆ ಪುಟ್ಟ ಕೂತಲ್ಲಿ ಕೂರುತ್ತಾನೆ, ಡಬ್ಬಿ ಮರೆಯದೆ ವಾಪಸ್ ತರುತ್ತಾನೆ. 'ಗಂಡುಹುಡುಗರೇ ಹಾಗೆ' ಎಂದು ಎಲ್ಲರೂ ಅಂದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನೀನು. ನಿನ್ನ ಆ ಗಟ್ಟಿತನ ಕಂಡು ನನಗೆ ಹೆಮ್ಮೆ. ಆದರೆ ಆ ಮಾತ್ರೆ, ಮೆಥೈಲ್‌ಫೆನಿಡೇಟ್, ಗಮನವನ್ನು ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಅಕ್ಷರಕ್ಕೂ ದನಿಗೂ ಗಂಟು ಹಾಕುವುದನ್ನು ಕೂತು ಕಲಿಸಿಯೇ ಕಲಿಸಬೇಕು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, ಇರುವ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗಾದರೂ ಓದಿನದೋ, ಬರಹದ್ದೋ, ಲೆಕ್ಕದ್ದೋ ಕಲಿಕಾ ನ್ಯೂನತೆ ಜೊತೆಗಿರುತ್ತದೆ. ಒಂದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಿದರೆ ಇನ್ನೊಂದು ಹಾಗೇ ಉಳಿಯುತ್ತದೆ.

ದೀಪಾವಳಿ ರಜೆಯಲ್ಲಿ ಅವನು ಇಂಗ್ಲಿಷಿನಲ್ಲಿ ಆನೆಯ ಕಥೆ ಓದಿದ್ದು ನೆನಪಿದೆಯಲ್ಲ? ಗಡಗಡನೆ ಓದಿದ, ನೀನು ಚಪ್ಪಾಳೆ ತಟ್ಟಿದೆ. 'ಪಾಂಡ್' ಎಂದು ಅಚ್ಚಾಗಿದ್ದ ಕಡೆ ಅವನು 'ವಾಟರ್' ಅಂದ. ನಾನು ಚಿತ್ರದ ಮೇಲೆ ಕೈ ಇಟ್ಟು ಮತ್ತೆ ಓದು ಅಂದೆ. ನಿಂತುಬಿಟ್ಟ. ಬೆರಳು ಪದದ ಮೇಲಿತ್ತು, ಕಣ್ಣು ನನ್ನ ಮುಖದ ಮೇಲೆ. ಕಥೆ ಬಾಯಿಪಾಠ, ಉಳಿದದ್ದು ಚಿತ್ರ ನೋಡಿ ಊಹೆ. ಆವತ್ತೇ ಹತ್ತು ಅರ್ಥವಿಲ್ಲದ ಪದ ಬರೆದುಕೊಟ್ಟೆ: ಟಿಬ್, ನೋಫ್, ಲಸ್ಕ್, ಹೀಗೆ. ಊಹೆಗೆ ಜಾಗವಿಲ್ಲದಿದ್ದರೆ ಮಗು ಅಕ್ಷರವನ್ನೇ ಓದಬೇಕಾಗುತ್ತದೆ. ಮೂರು ಸರಿ ಬಂದವು. ನಿನ್ನೆ ಭಾನುವಾರ, ಮಾತ್ರೆ ಕೊಟ್ಟು ಒಂದು ಗಂಟೆ ಬಿಟ್ಟು, ಬೇರೆ ಹತ್ತು ಪದ ಕೊಟ್ಟೆ. ಒಮ್ಮೆಯೂ ಎದ್ದು ಹೋಗಲಿಲ್ಲ, ಕಿಟಕಿ ಕಡೆ ನೋಡಲಿಲ್ಲ, ತುಟಿ ಕಚ್ಚಿಕೊಂಡು ಪ್ರಯತ್ನಪಟ್ಟ. ಆಗಲೂ ಮೂರೇ.

ಬರೀ ಗಮನದ ತೊಂದರೆಯಾಗಿದ್ದರೆ ಸಾಲು ಹಾರುತ್ತದೆ, ಪುಟದ ಮೇಲ್ಭಾಗದಲ್ಲಿ ಸರಿ ಓದಿದ ಪದವೇ ಕೆಳಗೆ ತಪ್ಪುತ್ತದೆ, 'ನಿಧಾನ ನೋಡು' ಅಂದರೆ ತಿದ್ದಿಕೊಳ್ಳುತ್ತಾನೆ. ಪುಟ್ಟ ನಿಧಾನ ನೋಡಿದರೂ ಅದೇ ತಪ್ಪು ಮಾಡುತ್ತಾನೆ. ಆ ತುಟಿ ಕಚ್ಚಿದ ಮುಖ ನಿನ್ನೆಯಿಂದ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಈಗ ಅವನಿಗೆ ಗಮನವಿದೆ, ಹಾಗಾಗಿ ತನಗೆ ಬರುತ್ತಿಲ್ಲ ಎನ್ನುವುದೂ ಅವನಿಗೇ ಚೆನ್ನಾಗಿ ಕಾಣುತ್ತಿದೆ. ನನ್ನ ಭಯ ಅದು.

ಮರಾಠಿಯಲ್ಲಿ ಓದುತ್ತಾನಲ್ಲ ಎಂದು ನೀನು ಅಂದೆ. ದೇವನಾಗರಿಯಲ್ಲಿ, ನಮ್ಮ ಕನ್ನಡದ ಹಾಗೆ, ಅಕ್ಷರವೇ ದನಿ ಹೇಳಿಬಿಡುತ್ತದೆ, ತೊಂದರೆ ಅಷ್ಟು ಬೇಗ ಬಯಲಾಗುವುದಿಲ್ಲ. ಜೋಡಾಕ್ಷರ, ರಫಾರ (ನಮ್ಮ ಅರ್ಕಾವೊತ್ತು) ಬರುವ 'ಸೂರ್ಯ', 'ವರ್ಗ' ಓದಿಸಿ ನೋಡು, ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆಂದು ಎಣಿಸು. ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದು ಟೀಚರ್ ಹೇಳಿದ್ದನ್ನು ಮಾತ್ರ ಕೇಳಬೇಡ. ಮೂರು ಭಾಷೆ ಆಡುವುದರಿಂದ ಡಿಸ್ಲೆಕ್ಸಿಯಾ, ಅಂದರೆ ಓದಿನ ನ್ಯೂನತೆ, ಬರುವುದಿಲ್ಲ.

ಟೆಸ್ಟಿಗೆ ಮೊದಲು ಕಣ್ಣು, ಕಿವಿ ತೋರಿಸು. ಬೆಳಗಿನ ಹೊತ್ತು ಕೇಳು, ತಿಂಡಿ ಆಗಿರಲಿ, ಮಾತ್ರೆ ತೆಗೆದುಕೊಂಡಿದ್ದಾನೆಂದು ಪರೀಕ್ಷಿಸುವವರಿಗೆ ಹೇಳು. ನೀನು ಕೂತು ತಿದ್ದಿಸಿದ ನೋಟ್‌ಬುಕ್ ಬೇಡ, ಅವನೇ ಗೀಚಿದ್ದನ್ನು ಒಯ್ಯಿ. ಲೆಕ್ಕವನ್ನೂ ನೋಡಿಸು. ಚೌಕಳಿ ಹಾಳೆ ಕೊಟ್ಟು, ಅವಸರ ಮಾಡದೆ ಬಿಟ್ಟಾಗ ತಪ್ಪು ಹೋದರೆ ಅದು ಗಮನದ್ದು. ಆಗಲೂ ಮುನ್ನೂರ ಐದನ್ನು 3005 ಎಂದು ಬರೆದರೆ ಬೇರೆ ವಿಷಯ.

ಓದು ಕಲಿಸುವುದು ವಾರಕ್ಕೆ ನಾಲ್ಕು ದಿನ, 25 ನಿಮಿಷ ಸಾಕು: ಒಂದೋ ಎರಡೋ ಹೊಸ ದನಿ, ಹತ್ತು ಪದ, ಒಂದು ವಾಕ್ಯ ಉಕ್ತಲೇಖನ, ಒಂದೇ ಪುಟ್ಟ ಪ್ಯಾರಾ ಮೂರು ಸಲ. ಮಾಮೂಲಿ ಮಾತ್ರೆಯ ಬಲ ಸುಮಾರು ನಾಲ್ಕು ಗಂಟೆ. ರಾತ್ರಿ ಎಂಟಕ್ಕೆ ಪುಸ್ತಕ ಹಿಡಿಸಿದರೆ ಇಬ್ಬರೂ ಅಳುವುದೇ ಆಗುತ್ತದೆ. ಹೊತ್ತಿನ ವಿಷಯ ಡಾಕ್ಟರ ಹತ್ತಿರ ಮಾತಾಡು, ನೀನೇ ಬದಲಾಯಿಸಬೇಡ. ಮತ್ತೆ ಆ ಇಪ್ಪತ್ತಿಪ್ಪತ್ತು ಸಲ ಬರೆಸುವುದನ್ನು ನಿಲ್ಲಿಸು ಸುಮಾ. ತಪ್ಪು ಓದಿದ್ದನ್ನೇ ಇಪ್ಪತ್ತು ಸಲ ತಪ್ಪಾಗಿ ಬರೆಯುತ್ತಾನೆ.

ಪಾಠ ಮಾಡಬಾರದೆಂದುಕೊಂಡೇ ಕೂತಿದ್ದೆ, ಮಾಡಿಬಿಟ್ಟೆ.

ಅಂಗವೈಕಲ್ಯದ ಸರ್ಟಿಫಿಕೇಟ್ ಅಂದರೆ ಅಳಿಯಂದಿರಿಗೆ ಅಳುಕು, ಗೊತ್ತು. ಅವರಿಗೆ ಇಷ್ಟು ಹೇಳು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಬೇರೆಯಾಗಿ ಇಲ್ಲ. ಮುಂದೆ ಬೋರ್ಡ್ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚಿಗೆ ಕೇಳಲು ಆ ಕಾಗದ ಬೇಕು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಸಿಕ್ಕ ಹಾಗಾಯಿತು.

ಗುರುವಾರದ ಜಾಗ ಇನ್ನೂ ಖಾಲಿ ಇದೆಯೇ ಎಂದು ನಾಳೆ ಬೆಳಿಗ್ಗೆಯೇ ಕೇಳು. ಇದ್ದರೆ ಬುಧವಾರ ಕಲ್ಯಾಣದಲ್ಲಿ ಗಾಡಿ ಹಿಡಿದು ಪುಣೆಗೆ ಬರುತ್ತೇನೆ. ಕೋಡುಬಳೆ ಕರಿದಿದ್ದೇನೆ. ಮಾತ್ರೆಗೆ ಮಧ್ಯಾಹ್ನ ಅವನಿಗೆ ಹಸಿವಿರುವುದಿಲ್ಲ, ಒತ್ತಾಯ ಮಾಡಬೇಡ, ಸಂಜೆ ಐದರ ಮೇಲೆ ಕೊಡೋಣ.

ನಿನ್ನ ಅಮ್ಮ