ಸಿರೋಸಿಸ್ ರೋಗಿಯ ಕಬ್ಬಿಣಾಂಶ ಪರೀಕ್ಷೆಯ ವರದಿಯಲ್ಲಿ ತಪ್ಪು ಅಂಕಿ ಮುದ್ರಿಸಿರುವ ಬಗ್ಗೆ ದೂರು

ಇವರಿಗೆ:
ಮುಖ್ಯ ಪೆಥಾಲಜಿಸ್ಟ್ ಹಾಗೂ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನನ್ನ ತಂದೆಯವರಿಗೆ 67 ವರ್ಷ. ಹಲವು ವರ್ಷಗಳಿಂದ ಹೆಪಟೈಟಿಸ್ ಬಿ ಇದ್ದು, ಮೂರು ವರ್ಷಗಳ ಹಿಂದೆ ಲಿವರ್ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಪತ್ತೆಯಾಗಿದೆ. ಅವರನ್ನು ನೋಡುತ್ತಿರುವ ತಜ್ಞವೈದ್ಯರು ಕಳೆದ ತಿಂಗಳು ಸೀರಂ ಐರನ್ (ರಕ್ತದಲ್ಲಿರುವ ಕಬ್ಬಿಣ), ಟಿಐಬಿಸಿ (ರಕ್ತ ಹಿಡಿದಿಟ್ಟುಕೊಳ್ಳಬಲ್ಲ ಒಟ್ಟು ಕಬ್ಬಿಣ), ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಕಬ್ಬಿಣ ಸಾಗಿಸುವ ಟ್ರಾನ್ಸ್‌ಫೆರಿನ್ ಪ್ರೊಟೀನ್ ಎಷ್ಟು ಪಾಲು ತುಂಬಿದೆ ಎಂಬುದು) ಮತ್ತು ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೊಟೀನ್) ಪರೀಕ್ಷೆಗಳನ್ನು ಬರೆದುಕೊಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾದರಿ ಕೊಡಬೇಕೆಂದು ಚೀಟಿಯಲ್ಲೇ ಸೂಚಿಸಿದ್ದರು. ನಾವು ತಮ್ಮ ಸಂಸ್ಥೆಯ ಮನೆಭೇಟಿ ಸೇವೆಯನ್ನು ಬೆಳಿಗ್ಗೆ 7.30ಕ್ಕೆ ಕಾಯ್ದಿರಿಸಿದ್ದೆವು.

ತಮ್ಮ ಸಿಬ್ಬಂದಿ ಬಂದದ್ದು 11.30ಕ್ಕೆ. ಸಿರೋಸಿಸ್ ಇರುವವರು ಹೆಚ್ಚು ಹೊತ್ತು ಹಸಿದಿರಬಾರದೆಂದು ವೈದ್ಯರು ಹೇಳಿರುವುದರಿಂದ ಅಪ್ಪ 10 ಗಂಟೆಯವರೆಗೆ ಕಾದು ಎರಡು ಇಡ್ಲಿ ತಿಂದಿದ್ದರು. ಅದನ್ನು ತಿಳಿಸಿದಾಗ ಆ ಹುಡುಗ "ಪರವಾಗಿಲ್ಲ ಸಾರ್, ನಡೆಯುತ್ತೆ" ಎಂದು ರಕ್ತ ತೆಗೆದುಕೊಂಡು, ಫಾರಂನಲ್ಲಿ ಖಾಲಿ ಹೊಟ್ಟೆ ಎಂದೇ ಗುರುತು ಹಾಕಿದ. ರಕ್ತದ ಕಬ್ಬಿಣದ ಮಟ್ಟ ಒಂದೇ ದಿನದಲ್ಲಿ ಏರಿಳಿಯುತ್ತದೆ ಎಂಬ ಕಾರಣಕ್ಕೇ ವೈದ್ಯರು ಹೊತ್ತನ್ನು ನಿಗದಿ ಮಾಡಿದ್ದು.

ಇದಕ್ಕಿಂತ ದೊಡ್ಡ ತಪ್ಪು ಮರುದಿನ ಸಂಜೆ ಮೊಬೈಲಿಗೆ ಬಂದ ವರದಿಯಲ್ಲಿದೆ. ಅದರಲ್ಲಿ ಸೀರಂ ಐರನ್ 62, ಟಿಐಬಿಸಿ 205, ಫೆರಿಟಿನ್ 912 ಎಂದಿದ್ದು, ಸ್ಯಾಚುರೇಶನ್ ಎದುರು ಕೆಂಪಕ್ಷರದಲ್ಲಿ ಶೇ. 68 ಎಂದು ಮುದ್ರಿತವಾಗಿದೆ. ಅದರ ಕೆಳಗೆ "ದೇಹದಲ್ಲಿ ಕಬ್ಬಿಣಾಂಶ ವಿಪರೀತವಾಗಿದೆ" ಎಂಬ ಷರಾ ಇದೆ. ಸ್ಯಾಚುರೇಶನ್ ಎಂದರೆ ಸೀರಂ ಐರನ್ನನ್ನು ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಅಂಕಿ. 62ನ್ನು 205ರಿಂದ ಭಾಗಿಸಿದರೆ ಸುಮಾರು ಶೇ. 30 ಬರುತ್ತದೆ, ಎಷ್ಟು ಸಲ ಲೆಕ್ಕ ಹಾಕಿದರೂ 68 ಬರುವುದಿಲ್ಲ. ಈ ಲೆಕ್ಕವನ್ನು ಅದೇ ವರದಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಮಾಡಿದ್ದೇನೆ, ಪ್ರತಿಯನ್ನು ಲಗತ್ತಿಸಿದ್ದೇನೆ. ಪೆಥಾಲಜಿಸ್ಟರ ಸಹಿ ಇರುವ ವರದಿಯಲ್ಲಿ ಒಂದೇ ಪುಟದ ಮೂರು ಅಂಕಿಗಳನ್ನು ಯಾರೂ ಒಟ್ಟಿಗೆ ನೋಡಿಲ್ಲ ಎಂಬುದು ನನಗೆ ಬಹಳ ನೋವು ತಂದಿದೆ.

ಈ ಅಂಕಿಯ ಮೇಲೆ ಎಷ್ಟೊಂದು ನಿರ್ಧಾರಗಳು ನಿಂತಿವೆ ಎಂಬುದು ತಮಗೆ ತಿಳಿಯದ್ದೇನಲ್ಲ. ಲಿವರಿನ ಉರಿಯೂತ, ಮದ್ಯಪಾನ, ಕೊಬ್ಬಿನ ಲಿವರ್, ಸೋಂಕು ಇವುಗಳಲ್ಲಿ ಯಾವುದಿದ್ದರೂ ಫೆರಿಟಿನ್ ಏರಬಹುದು, ಹಾಗಾಗಿ ದೀರ್ಘಕಾಲದ ಲಿವರ್ ಕಾಯಿಲೆ ಇರುವವರಲ್ಲಿ ಫೆರಿಟಿನ್ ಒಂದನ್ನೇ ನೋಡಿ ಕಬ್ಬಿಣ ತುಂಬಿಕೊಂಡಿದೆ ಎನ್ನಲಾಗದು. ಶೇ. 45 ಮೀರಿದ ಸ್ಯಾಚುರೇಶನ್ ಜೊತೆಗಿದ್ದಾಗಲೇ ವೈದ್ಯರ ಅನುಮಾನ ಬಲವಾಗುವುದು. ಅದರಲ್ಲೂ ಟ್ರಾನ್ಸ್‌ಫೆರಿನ್ ತಯಾರಾಗುವುದು ಲಿವರಿನಲ್ಲೇ ಆದ್ದರಿಂದ ಸಿರೋಸಿಸ್‌ನಲ್ಲಿ ಟಿಐಬಿಸಿ ತಗ್ಗಿ, ಸರಿಯಾಗಿ ಲೆಕ್ಕ ಹಾಕಿದ ಸ್ಯಾಚುರೇಶನ್ ಕೂಡ ಹೆಚ್ಚಾಗಿ ಕಾಣುವುದುಂಟು. ಇಷ್ಟು ನಾಜೂಕಾದ ಅಂಕಿಯನ್ನು ತಾವು ಎರಡು ಪಟ್ಟಿಗಿಂತ ಹೆಚ್ಚು ಮಾಡಿ ಕೊಟ್ಟಿದ್ದೀರಿ.

ವರದಿ ಬಂದ ಮರುದಿನವೇ ತಮ್ಮ ಕಾಲ್ ಸೆಂಟರಿನಿಂದ ಕರೆ ಮಾಡಿದವರು, ಇದು ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುವ ವಂಶಪಾರಂಪರ್ಯದ ಕಾಯಿಲೆ ಇರಬಹುದು, ಕಬ್ಬಿಣ ಇಳಿಸಲು ಆಗಾಗ ರಕ್ತ ತೆಗೆಸಬೇಕಾದೀತು ಎಂದು ಅಪ್ಪನಿಗೇ ನೇರವಾಗಿ ಹೇಳಿ, ಆ ಕಾಯಿಲೆಯನ್ನು ಪತ್ತೆಹಚ್ಚುವ 7,500 ರೂಪಾಯಿಯ ಎಚ್‌ಎಫ್‌ಇ ಜೀನ್ ಪರೀಕ್ಷೆ ಮಾಡಿಸಿಕೊಳ್ಳಲು ಒತ್ತಾಯಿಸಿದರು. ಆ ಕಾಯಿಲೆಗೆ ಮುಖ್ಯ ಕಾರಣವಾದ ಸಿ282ವೈ ಎಂಬ ಜೀನ್ ಬದಲಾವಣೆ ಉತ್ತರ ಯುರೋಪ್ ಮೂಲದವರಲ್ಲಿ ಹೆಚ್ಚು, ಭಾರತೀಯರಲ್ಲಿ ತೀರಾ ಅಪರೂಪ ಎಂಬುದನ್ನು ಅವರು ತಿಳಿಸಲಿಲ್ಲ. ಅಪ್ಪನ ಹಿಮೋಗ್ಲೋಬಿನ್ ಮೊದಲೇ ಕಡಿಮೆ, 9.8. ಯಾರಾದರೂ ಈ ವರದಿ ನಂಬಿ ಅವರಿಂದ ರಕ್ತ ತೆಗೆದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕರೆ ಬಂದ ದಿನದಿಂದ ಎಂಟು ದಿನ ಅವರು ರಾಗಿ ಮುದ್ದೆ, ಸೊಪ್ಪಿನ ಸಾರು ಎರಡನ್ನೂ ಮುಟ್ಟಲಿಲ್ಲ. ತಟ್ಟೆಯಲ್ಲಿ ಬಡಿಸಿದ ದಂಟಿನ ಸೊಪ್ಪನ್ನು ಬೆರಳಿನಿಂದ ಅಂಚಿಗೆ ಸರಿಸಿ, "ಇದರಲ್ಲಿ ಕಬ್ಬಿಣ ಇದೆಯಲ್ಲಪ್ಪಾ" ಎಂದು ಬರೀ ಮಜ್ಜಿಗೆ ಅನ್ನ ಉಂಡರು. ಮೊದಲೇ ಮೈ ಬತ್ತಿರುವ ಅವರ ತೂಕ ಒಂದೂವರೆ ಕಿಲೋ ಇಳಿಯಿತು. ಬೇರೆಡೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಿದ ಪರೀಕ್ಷೆಯಲ್ಲಿ ಸ್ಯಾಚುರೇಶನ್ ಶೇ. 29 ಬಂದ ಮೇಲೆ, ಫೆರಿಟಿನ್ ಏರಿರುವುದು ಲಿವರಿನ ಉರಿಯೂತದಿಂದ ಎಂದು ವೈದ್ಯರು ವಿವರಿಸಿದರು.

ನನ್ನನ್ನು ಇನ್ನೂ ಕಾಡುತ್ತಿರುವ ಸಂಗತಿ ಒಂದಿದೆ. ಆ 68 ಬೇರೊಬ್ಬ ರೋಗಿಯದಾಗಿದ್ದರೆ, ನಿಜವಾಗಿ ಚಿಕಿತ್ಸೆ ಬೇಕಾದ ಆ ವ್ಯಕ್ತಿ ತನಗೇನೂ ಇಲ್ಲವೆಂದು ಸುಮ್ಮನಿರಬಹುದು. ಆದ್ದರಿಂದ ಅದೇ ದಿನ ಅದೇ ಯಂತ್ರದಿಂದ ಹೊರಬಂದ ಎಲ್ಲ ಕಬ್ಬಿಣಾಂಶ ವರದಿಗಳನ್ನೂ ಮೊದಲು ಪರಿಶೀಲಿಸಿ, ತಪ್ಪಿದ್ದವರಿಗೆ ತಾವಾಗಿಯೇ ತಿಳಿಸಬೇಕೆಂದು ಕೋರುತ್ತೇನೆ. ತಂದೆಯವರ ವರದಿಯನ್ನು ತಿದ್ದಿ, ಅದು ತಿದ್ದಿದ ವರದಿ ಎಂದು ಸ್ಪಷ್ಟವಾಗಿ ನಮೂದಿಸಿ, ತಪ್ಪಾದದ್ದು ಹೇಗೆಂಬ ಲಿಖಿತ ವಿವರಣೆಯೊಂದಿಗೆ ನಮಗೂ ವೈದ್ಯರಿಗೂ ಕಳುಹಿಸಬೇಕು. ಪರೀಕ್ಷೆಯ ಮತ್ತು ಮನೆಭೇಟಿಯ ಪೂರ್ತಿ ಶುಲ್ಕವನ್ನು ಹಿಂದಿರುಗಿಸಬೇಕು. ವೈದ್ಯರ ಸಲಹೆಯಿಲ್ಲದೆ ರೋಗಿಗಳಿಗೆ ಕರೆ ಮಾಡಿ ಮುಂದಿನ ಪರೀಕ್ಷೆ ಮಾರುವುದನ್ನು ನಿಲ್ಲಿಸಬೇಕು.

15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ವೈದ್ಯರ ಚೀಟಿ, ಎರಡೂ ವರದಿಗಳು, ರಸೀದಿ ಮತ್ತು ಕರೆಯ ವಿವರ ಇದರೊಂದಿಗಿವೆ.

ಇಂತಿ,
ರೋಗಿಯ ಮಗ
(ಸಹಿ)