ಆ ಹನ್ನೊಂದನೇ ಆಟವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಕಡೆ ಮನಸ್ಸು ಸಿಕ್ಕಿಕೊಂಡಿತು. ಚೆಸ್, ಗೋ ಆದಮೇಲೆ ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲೂ ಯಂತ್ರ ಮನುಷ್ಯರನ್ನು 10–1ರಿಂದ ಸೋಲಿಸಿತು ಎಂದು ಒಂದೇ ಸಾಲಿನಲ್ಲಿ ಬರೆದು ಲೇಖಕರು ಮುಂದೆ ಹೋಗಿದ್ದಾರೆ. ಲೆಕ್ಕ ಸರಿಯಾಗಿದೆ. ಆದರೆ ಆ ಒಂದು ಆಟದಲ್ಲಿ ಏನಾಯಿತು? ಅದನ್ನು ಹೇಳಬೇಕಿತ್ತು ಅಲ್ವಾ?

ನಾನು ಹಗಲು ಲೆಕ್ಕಪತ್ರ ಬರೆಯುವವಳು. ರಾತ್ರಿ ಮಕ್ಕಳು ಮಲಗಿದ ಮೇಲೆ ಸ್ಟಾರ್‌ಕ್ರಾಫ್ಟ್ ಆಡುತ್ತೇನೆ. 1998ರಲ್ಲಿ ಬ್ಲಿಝಾರ್ಡ್ ಕಂಪನಿ ತಂದ ಮೊದಲನೆಯ ಆಟವನ್ನು ನನ್ನ ತಮ್ಮನ ಜೊತೆ ಕಲಿತೆ. 2010ರಲ್ಲಿ ಎರಡನೆಯದು ಬಂತು, ಅದಕ್ಕೆ ಬದಲಾದೆವು. ಟೆರ್ರನ್, ಝರ್ಗ್, ಪ್ರೋಟಾಸ್ ಎಂಬ ಮೂರು ಜಾತಿಗಳು ದೂರದ ಯಾವುದೋ ನಕ್ಷತ್ರಗಳ ನಡುವೆ ಕಾದಾಡುವ ಕಥೆ ಅದು. ನನ್ನದು ಮೊದಲಿನಿಂದಲೂ ಪ್ರೋಟಾಸ್.

ಆಡದವರಿಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಲ್ಲಿ ನಿಮ್ಮ ಸರದಿ, ನನ್ನ ಸರದಿ ಅಂತ ಇಲ್ಲ. ಪ್ರೋಬ್ ಎಂಬ ಕೆಲಸದಾಳುಗಳು ಮಿನರಲ್, ಅಂದರೆ ಖನಿಜ, ಅಗೆಯುತ್ತಿರಬೇಕು, ಕಟ್ಟಡ ಏಳುತ್ತಿರಬೇಕು, ಸೈನ್ಯ ನಡೆಯುತ್ತಿರಬೇಕು, ಎಲ್ಲವೂ ಒಟ್ಟಿಗೆ. ಎದುರಾಳಿ ಏನು ಮಾಡುತ್ತಿದ್ದಾನೆ ಎಂಬುದು ಮಂಜಿನಲ್ಲಿ ಮುಚ್ಚಿರುತ್ತದೆ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಪರದೆಯ ಮೇಲೆ ಮ್ಯಾಪಿನ ಒಂದು ತುಂಡು ಮಾತ್ರ ಕಾಣುತ್ತದೆ. ಉಳಿದದ್ದೆಲ್ಲ ಮೂಲೆಯ ಪುಟ್ಟ ಮಿನಿಮ್ಯಾಪಿನಲ್ಲಿ ಚುಕ್ಕಿಗಳು. ಯುದ್ಧ ನೋಡುತ್ತಿದ್ದರೆ ಮನೆ ಕಾಣುವುದಿಲ್ಲ. ಮನೆ ನೋಡಿದರೆ ಯುದ್ಧ ಕೈತಪ್ಪುತ್ತದೆ. ಮಿನರಲ್, ಗ್ಯಾಸ್ ಖಾಲಿಯಾಗುವ ಮೊದಲು ಖಾಲಿಯಾಗುವುದು ನಮ್ಮ ಗಮನ.

ಈಗ ಆ 10–1ಕ್ಕೆ ಬರುತ್ತೇನೆ. ಯಂತ್ರದ ಹೆಸರು ಆಲ್ಫಾಸ್ಟಾರ್, ಮಾಡಿದವರು ಡೀಪ್‌ಮೈಂಡ್ ಎಂಬ ಕೃತಕ ಬುದ್ಧಿಮತ್ತೆಯ ಕಂಪನಿ. 2018ರ ಡಿಸೆಂಬರಿನಲ್ಲಿ ಟಿಎಲ್‌ಓ ಮತ್ತು ಮಾನಾ ಎಂಬ ಇಬ್ಬರು ವೃತ್ತಿಪರ ಆಟಗಾರರ ಜೊತೆ ತಲಾ ಐದು ಆಟ ಆಡಿಸಿದರು. ಹತ್ತನ್ನೂ ಯಂತ್ರ ಗೆದ್ದಿತು. ಆದರೆ ಆ ಹತ್ತರಲ್ಲೂ ಅದಕ್ಕೆ ಪರದೆ ಸರಿಸುವ ಕೆಲಸವೇ ಇರಲಿಲ್ಲ. ಮಂಜು ಇಲ್ಲದ ಜಾಗವೆಲ್ಲ ಅದಕ್ಕೆ ಒಂದೇ ನೋಟಕ್ಕೆ ಕಾಣುತ್ತಿತ್ತು. ಜೊತೆಗೆ ಟಿಎಲ್‌ಓ ಝರ್ಗ್ ಆಟಗಾರ, ಅವರನ್ನು ಪ್ರೋಟಾಸ್ ಆಡಿಸಿದರು. ಇನ್ನೂ ಒಂದು ಮಾತು: ಐದು ಆಟಕ್ಕೆ ಐದು ಬೇರೆ ಬೇರೆ ಆಲ್ಫಾಸ್ಟಾರ್‌ಗಳು ಕೂತಿದ್ದವು. ಒಂದು ಆಟ ಸೋತು, ಎದುರಾಳಿಯ ಚಾಳಿ ಹಿಡಿದು, ಮುಂದಿನದರಲ್ಲಿ ತಿರುಗಿ ಹೊಡೆಯುವುದು ಮನುಷ್ಯರ ದಾರಿ. ಆ ದಾರಿಯೇ ಮುಚ್ಚಿತ್ತು.

2019ರ ಜನವರಿ 24ರಂದು ಆ ಆಟಗಳನ್ನು ಜನರಿಗೆ ತೋರಿಸಿದರು. ಅದೇ ದಿನ ಮಾನಾ ಜೊತೆ ನೇರ ಪ್ರಸಾರದಲ್ಲಿ ಇನ್ನೊಂದು ಆಟ. ಈ ಸಲ ಯಂತ್ರವೂ ನಮ್ಮ ಹಾಗೆ ಪರದೆ ಸರಿಸಿಯೇ ನೋಡಬೇಕಿತ್ತು. ನಾನೂ ತಮ್ಮನೂ ಪಕ್ಕಪಕ್ಕ ಕೂತು ನೋಡಿದೆವು.

ಯಂತ್ರದ ಹತ್ತಿರ ಸ್ಟಾಕರ್ ಎಂಬ ಸೈನಿಕರ ದೊಡ್ಡ ಗುಂಪಿತ್ತು. ಅದು ಹೊರಟಿತು. ಅಷ್ಟರಲ್ಲಿ ಮಾನಾ ವಾರ್ಪ್ ಪ್ರಿಸಮ್ ಎಂಬ ಸಾಗಣೆ ವಿಮಾನದಲ್ಲಿ ಇಮ್ಮಾರ್ಟಲ್ ಎಂಬ ಭಾರೀ ಸೈನಿಕರನ್ನು ತುಂಬಿಕೊಂಡು ಯಂತ್ರದ ಬೇಸಿನ, ಅಂದರೆ ನೆಲೆಯ, ಹಿಂಬದಿಗೆ ಇಳಿಸಿದರು. ಸ್ಟಾಕರ್‌ಗಳೆಲ್ಲ, ಒಂದೂ ಬಿಡದೆ, ಮನೆಗೆ ಓಡಿಬಂದವು. ಹತ್ತಿರ ಬರುತ್ತಿದ್ದ ಹಾಗೆ ಇಮ್ಮಾರ್ಟಲ್‌ಗಳು ಪ್ರಿಸಮ್ ಹತ್ತಿ ಹಾರಿಹೋದವು. ಸ್ಟಾಕರ್‌ಗಳು ಮತ್ತೆ ಹೊರಟವು. ಪ್ರಿಸಮ್ ಮತ್ತೆ ಇಳಿಯಿತು. ಮತ್ತೆ ಎಲ್ಲವೂ ವಾಪಸ್. ಹೀಗೇ ಎಷ್ಟು ಸಲ! ಅಷ್ಟು ಹೊತ್ತಿಗೆ ಮಾನಾ ತನ್ನ ಮನೆಯಲ್ಲಿ ನಿಧಾನವಾಗಿ ಸೈನ್ಯ ಕಟ್ಟಿಕೊಂಡರು, ಆಮೇಲೆ ನಡೆದುಕೊಂಡು ಹೋಗಿ ಗೆದ್ದರು.

ತಮ್ಮ ನನ್ನ ಭುಜ ಹಿಡಿದು, ‘ಅಕ್ಕ, ನಾಲ್ಕು ಸ್ಟಾಕರ್ ಮನೆಯಲ್ಲಿ ಬಿಟ್ಟು ಹೋಗಬಾರದಿತ್ತಾ ಅದು?’ ಅಂದ. ನನಗೆ ಮಾತೇ ಹೊರಡಲಿಲ್ಲ. ಯಾಕೆಂದರೆ ಆ ಓಡಾಟ ನನಗೆ ಚೆನ್ನಾಗಿ ಗೊತ್ತು. ಬೇಸಿನ ಮೇಲೆ ದಾಳಿ ಎಂದು ಆಟ ಕೂಗುತ್ತದೆ, ಎಡಗೈ ತಾನಾಗಿ ಸೈನ್ಯವನ್ನು ವಾಪಸ್ ಕರೆಯುತ್ತದೆ, ಮುಂದೆ ಗೆಲ್ಲುತ್ತಿದ್ದ ಜಗಳ ಕೈಬಿಟ್ಟುಹೋಗುತ್ತದೆ. ವರ್ಷಗಟ್ಟಲೆ ಹಾಗೆ ಸೋತಿದ್ದೇನೆ. ಅರ್ಧ ಬೇಸು ಹೋದರೂ ಪರವಾಗಿಲ್ಲ, ಮುಂದಿನದನ್ನು ಮುಗಿಸಿ ಬರೋಣ ಎಂದು ಕೈ ತಡೆಹಿಡಿಯುವುದನ್ನು ಕಲಿಯಲು ನನಗೆ ಬಹಳ ಕಾಲ ಬೇಕಾಯಿತು. ಆ ದಿನ ಮಾನಾ ಯಂತ್ರವನ್ನು ಕಟ್ಟಿಹಾಕಿದ್ದು ಬೆರಳಿನ ವೇಗದಿಂದಲ್ಲ. ಅದರ ಗಮನವನ್ನು ಹಿಡಿದು ಅತ್ತಿತ್ತ ಎಳೆದದ್ದರಿಂದ.

ಯಂತ್ರವನ್ನು ಸಣ್ಣದು ಮಾಡಲು ಇದನ್ನು ಬರೆಯುತ್ತಿಲ್ಲ. ಪರದೆ ಸರಿಸುವ ಆ ಆಲ್ಫಾಸ್ಟಾರ್‌ಗೆ ಸಿಕ್ಕಿದ್ದು ಏಳೇ ದಿನದ ತರಬೇತಿ. ಅದೇ ವರ್ಷ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ, ಪರದೆಗೂ ಕೈವೇಗಕ್ಕೂ ಕಟ್ಟುಪಾಡು ಹಾಕಿದ ಮೇಲೂ ಅದು ಮೂರೂ ಜಾತಿಗಳಲ್ಲಿ ಆಟಗಾರರ ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟಿತು. ಅದರಿಂದ ನಾನೂ ಕಲಿತಿದ್ದೇನೆ. ಒಂದು ಬೇಸಿನ ಎಂಟು ಮಿನರಲ್ ಗುಡ್ಡೆಗೆ ಹದಿನಾರು ಪ್ರೋಬ್ ಸಾಕು ಎನ್ನುವುದು ನಮ್ಮೆಲ್ಲರ ಬಾಯಿಪಾಠ. ಆಲ್ಫಾಸ್ಟಾರ್ ಸುಮ್ನೆ ಜಾಸ್ತಿ ಮಾಡುತ್ತಾ ಹೋಯಿತು. ದಡ್ಡತನ ಅಂದುಕೊಂಡೆ. ಆಮೇಲೆ ನಾನೇ ಮಾಡಿ ನೋಡಿದೆ. ನಾಲ್ಕೈದು ಪ್ರೋಬ್ ಸತ್ತರೂ ಅಗೆತ ನಿಲ್ಲುವುದಿಲ್ಲ, ಹೊಸ ಬೇಸ್ ಎದ್ದ ತಕ್ಷಣ ಅಲ್ಲಿಗೆ ಕಳಿಸಲು ಆಳುಗಳು ಸಿದ್ಧ. ಈಗ ನನ್ನ ಆಟದಲ್ಲಿ ಅದು ಸೇರಿಹೋಗಿದೆ.

ಅದಕ್ಕೇ ಕೇಳುತ್ತಿದ್ದೇನೆ. ಗೆದ್ದವರು ಯಾರು ಎನ್ನುವುದಕ್ಕಿಂತ ಹೇಗೆ ಎನ್ನುವುದನ್ನು ದಯವಿಟ್ಟು ಬರೆಸಿ. ಯಂತ್ರ ಏನು ಕಾಣುತ್ತಿತ್ತು, ಮನುಷ್ಯ ಏನು ಕಾಣುತ್ತಿದ್ದ ಎಂದು ಎರಡು ಸಾಲು ಸೇರಿಸಿದ್ದರೂ ಸಾಕಿತ್ತು. ಆ ಲೇಖಕರು ಒಪ್ಪಿದರೆ ಹನ್ನೊಂದನೇ ಆಟವನ್ನು ಒಮ್ಮೆ ಪೂರ್ತಿ ನೋಡಲಿ. ಪ್ರಿಸಮ್ ಮೂರನೇ ಸಲ ಇಳಿಯುವಾಗ ಸ್ಟಾಕರ್‌ಗಳು ತಿರುಗುವುದನ್ನು ಗಮನಿಸಲಿ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ